ಎಬಿಆರ್‌ನಲ್ಲಿ ‘ಅಲೆ ಇಲ್ಲ’ ಎಂದು ಬರೆಯುವ ಮುನ್ನ

ಎಬಿಆರ್ ಎಂದರೆ ಕಿವಿಗೆ ಸದ್ದು ಕೊಟ್ಟು, ಶ್ರವಣ ನರ ಮತ್ತು ಮಿದುಳ ಕಾಂಡದ ವಿದ್ಯುತ್ ಉತ್ತರವನ್ನು ಅಲೆಗಳಾಗಿ ದಾಖಲಿಸುವ ಪರೀಕ್ಷೆ. ಶಿಶುವಿನ ಈ ಪರೀಕ್ಷೆಯಲ್ಲಿ ನಾವು ಮುಖ್ಯವಾಗಿ ಹುಡುಕುವ ಐದನೇ ಅಲೆ ಕಾಣದಿದ್ದರೆ ನಾನು ಮೂರು ಕಡೆ ಅನುಮಾನ ಪಡುತ್ತೇನೆ. ಸದ್ದು ಕಿವಿಯೊಳಗೆ ಹೋಗಿಲ್ಲದಿರಬಹುದು. ಹೋಗಿದ್ದರೂ ನರದ ಉತ್ತರ ಗದ್ದಲದಲ್ಲಿ ಮುಳುಗಿರಬಹುದು. ಇವೆರಡೂ ಅಲ್ಲವೆಂದು ಖಾತ್ರಿಯಾದ ಮೇಲಷ್ಟೇ ಒಳಕಿವಿ, ನರಗಳ ಮಾತು. ‘ಅಲೆ ಇಲ್ಲ’ ಎಂಬ ಎರಡು ಪದ ನೋಡಿ ಆ ಮಗುವಿಗೆ ಶ್ರವಣ ಸಾಧನ ಹೊಂದಿಸುವವರಿರುತ್ತಾರೆ; ಆ ಪದಗಳನ್ನು ಸುಮ್ಮನೆ ಬರೆಯಲಾಗದು.

ಮೊದಲು ಟಿಂಪನೊಮೆಟ್ರಿ, ಅಂದರೆ ಕಿವಿನಾಳದಲ್ಲಿ ಗಾಳಿಯ ಒತ್ತಡ ಬದಲಿಸುತ್ತ ಒಂದು ಸ್ವರ ಕೊಟ್ಟು ಮಧ್ಯಕಿವಿಯನ್ನು ಪರೀಕ್ಷಿಸುವುದು. ಆರು ತಿಂಗಳೊಳಗಿನ ಮಗುವಿಗೆ 226 ಹರ್ಟ್ಸ್ ಬೇಡ, 1000 ಹರ್ಟ್ಸ್ ಬೇಕು. ಎಳೆಯ ಮಗುವಿನ ಕಿವಿನಾಳದ ಗೋಡೆ ಮೆತ್ತಗಿರುವುದರಿಂದ, ಮಧ್ಯಕಿವಿಯಲ್ಲಿ ದ್ರವ ತುಂಬಿದ್ದರೂ 226ರಲ್ಲಿ ಚೆಂದದ ಶಿಖರ ಕಂಡುಬಿಡಬಹುದು. ಆಮೇಲೆ ಒಎಇ, ಅಂದರೆ ಒಳಕಿವಿಯ ಹೊರ ಕೇಶಕೋಶಗಳು ಹೊರಡಿಸುವ ಕ್ಷೀಣ ಸದ್ದನ್ನು ಅಳೆಯುವುದು. ಮಧ್ಯಕಿವಿಯಲ್ಲಿ ದ್ರವವಿದ್ದರೆ ಹೊರ ಕೇಶಕೋಶಗಳು ಸರಿಯಿದ್ದರೂ ಒಎಇ ಸಿಗುವುದು ಕಷ್ಟ. ಹಾಗಾಗಿ ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಓದಬೇಕು.

ಇಲೆಕ್ಟ್ರೋಡ್ ಹಚ್ಚುವಲ್ಲಿ ಕಳೆದ ಹತ್ತು ನಿಮಿಷ ಮುಂದೆ ಒಂದು ಗಂಟೆ ಉಳಿಸುತ್ತದೆ. ಹಣೆಯ ಮೇಲ್ಭಾಗಕ್ಕೆ ಒಂದು, ಎರಡೂ ಕಿವಿಗಳ ಹಿಂದಿನ ಮೂಳೆಗೆ ಒಂದೊಂದು, ಗ್ರೌಂಡ್ ಹಣೆಯ ಕೆಳಗೆ. ಉಜ್ಜುವ ಜೆಲ್ಲಿನಿಂದ ಚರ್ಮವನ್ನು ಹಗುರವಾಗಿ ತಿಕ್ಕಿ. ನೆತ್ತಿಯ ಮೆತ್ತನೆಯ ಜಾಗವನ್ನು ಮುಟ್ಟಬೇಡಿ. ಇಂಪೀಡೆನ್ಸ್ (ಚರ್ಮ, ಇಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್‌ ಒಳಗಿರಲಿ, ಒಂದಕ್ಕೊಂದರ ವ್ಯತ್ಯಾಸ 2 ಕಿಲೋಓಮ್ ಮೀರದಿರಲಿ. ನನ್ನ ಮಟ್ಟಿಗೆ ಈ ವ್ಯತ್ಯಾಸವೇ ಹೆಚ್ಚು ಮುಖ್ಯ. ಎರಡು ಇಲೆಕ್ಟ್ರೋಡ್‌ಗಳಿಗೂ ಸಮನಾಗಿ ಬಂದದ್ದನ್ನು ಆಂಪ್ಲಿಫೈಯರ್ ಕಳೆದುಹಾಕುತ್ತದೆ. ಇಂಪೀಡೆನ್ಸ್ ಏರುಪೇರಾದರೆ ಕರೆಂಟಿನ ಗುಂಯ್‌ಗುಡುವಿಕೆ ಸಮನಾಗಿ ಬರುವುದಿಲ್ಲ, ಉಳಿದುಬಿಡುತ್ತದೆ. ಇಲೆಕ್ಟ್ರೋಡ್ ತಂತಿಗಳನ್ನು ಜಡೆಯಂತೆ ಹೆಣೆದು, ಇಯರ್‌ಫೋನ್ ತಂತಿಯಿಂದ ದೂರ ಇಡುತ್ತೇನೆ.

ಇನ್ಸರ್ಟ್ ಇಯರ್‌ಫೋನ್ ತುದಿ ನಾಳದ ಗೋಡೆಗೆ ಒತ್ತಿಕೊಂಡರೆ ಅಥವಾ ಅದರ ತೂತಿಗೆ ಗುಗ್ಗೆ ಮೆತ್ತಿಕೊಂಡರೆ ಸದ್ದು ಅಲ್ಲೇ ನಿಂತುಹೋಗುತ್ತದೆ. ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ, ತೆರೆಯ ಮೇಲೆ 80 ಡೆಸಿಬೆಲ್ ಎಂದೇ ತೋರಿಸುತ್ತಿರುತ್ತದೆ. ಅಲೆ ಸಿಗದಾಗ ನಾನು ಮೊದಲು ತುದಿ ತೆಗೆದು ಬೆಳಕಿಗೆ ಹಿಡಿದು ನೋಡುತ್ತೇನೆ. ನಿದ್ದೆಯಲ್ಲಿ ಮಗು ತಲೆ ಹೊರಳಿಸಿದರೆ ಮತ್ತೊಮ್ಮೆ ನೋಡಬೇಕು.

ಇನ್ನು ಗದ್ದಲ. ಮಿತಿಯ (ಅಲೆ ಕಾಣುವ ಅತಿ ಕಡಿಮೆ ಸದ್ದಿನ) ಹತ್ತಿರ ಐದನೇ ಅಲೆ 0.1 ಮೈಕ್ರೋವೋಲ್ಟ್ ಆಸುಪಾಸಿನದು. ಮಿದುಳು, ಸ್ನಾಯುಗಳ ವಿದ್ಯುತ್ತು ಅದರ ನೂರಾರು ಪಟ್ಟು. ಸದ್ದನ್ನು ಸಾವಿರಾರು ಸಲ ಕೊಟ್ಟು, ಪ್ರತಿ ಸಲದ ದಾಖಲೆಗಳ (ಸ್ವೀಪ್‌ಗಳ) ಸರಾಸರಿ ತೆಗೆದೇ ಅಲೆಯನ್ನು ಹೊರಗೆಳೆಯಬೇಕು. ಆದರೆ ಗದ್ದಲ ಇಳಿಯುವುದು ಸ್ವೀಪ್‌ಗಳ ವರ್ಗಮೂಲದ ಲೆಕ್ಕದಲ್ಲಿ: 2000 ಸ್ವೀಪ್‌ಗಳನ್ನು 8000ಕ್ಕೆ ಏರಿಸಿದರೆ ಗದ್ದಲ ಅರ್ಧವಾಗುತ್ತದೆ, ಅಷ್ಟೇ. ನಿದ್ದೆ ಕೆಟ್ಟ ಮಗುವಿನ ಮೇಲೆ ಸ್ವೀಪ್ ಸುರಿಯುವುದು ವ್ಯರ್ಥ. ನಿಲ್ಲಿಸಿ, ಹಾಲು ಕುಡಿಸಲು ಹೇಳಿ, ಮಲಗಿದ ಮೇಲೆ ಮುಂದುವರಿಸಿ.

ಸೆಕೆಂಡಿಗೆ ಎಷ್ಟು ಸಲ ಸದ್ದು ಕೊಡಬೇಕೆಂಬುದಕ್ಕೆ, ಕರೆಂಟಿನ 50 ಹರ್ಟ್ಸ್ ಲೆಕ್ಕಕ್ಕೆ ಕೂಡದಂತೆ, 27.7ರಂಥ ಸಂಖ್ಯೆ ಇಡುತ್ತೇನೆ, ಇಲ್ಲವಾದರೆ ಕರೆಂಟಿನ ಅಲೆಯೂ ಸರಾಸರಿಯಲ್ಲಿ ಕೂಡುತ್ತ ಹೋಗುತ್ತದೆ. ಶಿಶುವಿನ ಐದನೇ ಅಲೆ ಅಗಲ, ನಿಧಾನ; ಕಡಿಮೆ ಆವರ್ತನಗಳನ್ನು ತಡೆಯುವ ಫಿಲ್ಟರ್ 100 ಹರ್ಟ್ಸ್‌ಗೆ ಇಟ್ಟರೆ ಅದೇ ಕತ್ತರಿಸಿಹೋಗುತ್ತದೆ, 30 ಸಾಕು. ಟೋನ್ ಬರ್ಸ್ಟ್‌ಗೆ (ಒಂದೇ ಸ್ವರದ ಚುಟುಕು ಸದ್ದಿಗೆ) ದಾಖಲಿಸುವ ಅವಧಿ 20 ಮಿಲಿಸೆಕೆಂಡ್‌ಗಿಂತ ಕಡಿಮೆ ಬೇಡ. ಕಾಕ್ಲಿಯಾದ (ಒಳಕಿವಿಯ ಸುರುಳಿಯ) ಬುಡದಲ್ಲಿ ತೀಕ್ಷ್ಣ ಸ್ವರಗಳು, ತುದಿಯಲ್ಲಿ ಮಂದ್ರ ಸ್ವರಗಳು. 500 ಹರ್ಟ್ಸ್‌ನ ತರಂಗ ತುದಿಯವರೆಗೆ ನಡೆದು ಹೋಗಬೇಕಾದ್ದರಿಂದ ಅದರ ಅಲೆ ತಡವಾಗಿ ಬರುತ್ತದೆ, ಸದ್ದು ಇಳಿಸಿದಷ್ಟೂ ಇನ್ನೂ ತಡ. ಹತ್ತೇ ಮಿಲಿಸೆಕೆಂಡ್ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಇದಕ್ಕೆ ತದ್ವಿರುದ್ಧವಾದ ಮೋಸವೂ ಇದೆ: ಎಚ್ಚರವಿರುವ ಮಗುವಿನಲ್ಲಿ 12–15 ಮಿಲಿಸೆಕೆಂಡ್ ಹತ್ತಿರ ದೊಡ್ಡದೊಂದು ಅಲೆ ಎದ್ದರೆ ಅದು ಕಿವಿಯ ಹಿಂದಿನ ಸ್ನಾಯುವಿನದ್ದಾಗಿರಬಹುದು.

ನಿದ್ದೆ ಎಷ್ಟು ಹೊತ್ತೆಂದು ಹೇಳಲಾಗದು. ಅದಕ್ಕೇ ಎರಡೂ ಕಿವಿಗಳ 2000 ಹರ್ಟ್ಸ್ ಮೊದಲು, ನಂತರ 500, ಆಮೇಲೆ ಉಳಿದದ್ದು. ಮಿತಿಯ ಬಳಿ ಪ್ರತಿ ಮಟ್ಟದಲ್ಲೂ ಎರಡು ಸಲ ದಾಖಲಿಸಿ ಒಂದರ ಮೇಲೊಂದು ಇಟ್ಟು ನೋಡುತ್ತೇನೆ. ಅಲೆಯ ಎತ್ತರ ಗದ್ದಲದ ಮೂರು ಪಟ್ಟಾದರೂ ಇದ್ದರೆ ‘ಇದೆ’. ಎರಡು ಗೆರೆಗಳ ನಡುವಿನ ಸರಾಸರಿ ಅಂತರ 25 ನ್ಯಾನೋವೋಲ್ಟ್‌ಗೆ ಇಳಿದ ಮೇಲೂ ಏನೂ ಕಾಣದಿದ್ದರೆ ‘ಇಲ್ಲ’. ಇವೆರಡರಲ್ಲೂ ಕೂಡದ್ದು ‘ನಿರ್ಣಯವಾಗಿಲ್ಲ’.

ದೊಡ್ಡ ಸದ್ದಿಗೂ ಅಲೆ ಇಲ್ಲದಿದ್ದರೆ, ಅಥವಾ ಅಲೆಗಳ ರೂಪವೇ ಕೆಟ್ಟಿದ್ದರೆ, ಕಾಕ್ಲಿಯರ್ ಮೈಕ್ರೋಫೋನಿಕ್, ಅಂದರೆ ಕೇಶಕೋಶಗಳದ್ದೇ ವಿದ್ಯುತ್ ಉತ್ತರ, ಹುಡುಕಬೇಕು. ಕೇಶಕೋಶಗಳು ಕೆಲಸ ಮಾಡುತ್ತಿದ್ದು ನರದ ಮಿಡಿತ ಹೊಂದಾಣಿಕೆ ತಪ್ಪಿದ್ದರೆ, ಅಂದರೆ ಆಡಿಟರಿ ನ್ಯೂರೋಪತಿಯಿದ್ದರೆ, ಎಬಿಆರ್ ಖಾಲಿಯಿದ್ದರೂ ಮಗುವಿಗೆ ಎಷ್ಟು ಕೇಳುತ್ತದೆ ಎಂದು ಅದರಿಂದ ಹೇಳಲಾಗದು. 80–85 ಡೆಸಿಬೆಲ್ ಎನ್‌ಎಚ್‌ಎಲ್ (ಸರಿಯಾಗಿ ಕೇಳುವವರ ಮಿತಿಯಿಂದ ಎಣಿಸಿದ ಮಟ್ಟ) ಕ್ಲಿಕ್‌ ಇಟ್ಟು ರೇರ್‌ಫ್ಯಾಕ್ಷನ್ (ಗಾಳಿಯ ಒತ್ತಡ ಇಳಿಯುತ್ತ ಶುರುವಾಗುವ ಸದ್ದು) ಒಮ್ಮೆ, ಕಂಡೆನ್ಸೇಷನ್ (ಏರುತ್ತ ಶುರುವಾಗುವುದು) ಒಮ್ಮೆ ಬೇರೆಬೇರೆಯಾಗಿ ದಾಖಲಿಸಿ. ಮೈಕ್ರೋಫೋನಿಕ್ ಕನ್ನಡಿಯ ಬಿಂಬದಂತೆ ತಲೆಕೆಳಗಾಗುತ್ತದೆ, ನರದ ಅಲೆ ಹಾಗಾಗುವುದಿಲ್ಲ. ಆಲ್ಟರ್ನೇಟಿಂಗ್ (ಎರಡನ್ನೂ ಸರದಿಯಂತೆ) ಇಟ್ಟವರಿಗೆ ಇದು ಸಿಗದು; ಪ್ಲಸ್ ಮೈನಸ್ ಸೇರಿ ಅಳಿಸಿಹೋಗುತ್ತದೆ.

ಆದರೆ ಇಯರ್‌ಫೋನಿನ ವಿದ್ಯುತ್ ಸೋರಿಕೆಯೂ ಹೀಗೆಯೇ ತಲೆಕೆಳಗಾಗುತ್ತದೆ. ಅದಕ್ಕೆ ಮೂರನೇ ಸಲ, ಇಯರ್‌ಫೋನ್ ಪೆಟ್ಟಿಗೆಯನ್ನಾಗಲಿ ತಂತಿಗಳನ್ನಾಗಲಿ ಕದಲಿಸದೆ, ಸದ್ದು ಹೋಗುವ ಕೊಳವೆಯನ್ನು ಕ್ಲಿಪ್ಪಿನಿಂದ ಬಿಗಿಯಾಗಿ ಹಿಸುಕಿ ದಾಖಲಿಸಿ. ಸದ್ದು ನಿಲ್ಲುತ್ತದೆ, ಸೋರಿಕೆ ನಿಲ್ಲುವುದಿಲ್ಲ. ಗೆರೆ ಮಾಯವಾದರೆ ಅದು ಕಾಕ್ಲಿಯಾದ್ದು, ಉಳಿದುಕೊಂಡರೆ ಯಂತ್ರದ್ದು. ಕ್ಲಿಪ್ ಹಾಕುವ ಬದಲು ಯಂತ್ರದಲ್ಲೇ ಸದ್ದನ್ನು ಬಂದ್ ಮಾಡಿದರೆ ಸೋರಿಕೆಯೂ ನಿಂತುಹೋಗಿ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ. ಒಎಇ ಬಂದಿಲ್ಲವೆಂದು ಈ ಹಂತ ಬಿಡಬೇಡಿ. ದ್ರವದಿಂದ ಒಎಇ ಅಡಗಿದ ಕಿವಿಯಲ್ಲೂ ಮೈಕ್ರೋಫೋನಿಕ್ ಸಿಗಬಹುದು.

ವರದಿಯಲ್ಲಿ ಪ್ರತಿ ಕಿವಿ, ಪ್ರತಿ ಸ್ವರಕ್ಕೆ ಮಟ್ಟ ಬರೆದು, ಅದು ಎನ್‌ಎಚ್‌ಎಲ್ಲೋ ಮಗುವಿನ ನಿಜವಾದ ಶ್ರವಣ ಮಿತಿಗೆ ತಿದ್ದಿದ ಅಂದಾಜೋ ಎಂದು ಪಕ್ಕದಲ್ಲೇ ನಮೂದಿಸುತ್ತೇನೆ. ಒಂದೇ ತಿದ್ದುಪಡಿಯನ್ನು ಎರಡು ಸಲ ಕಳೆದರೆ ಶ್ರವಣ ಸಾಧನದಲ್ಲಿ ಮಗುವಿಗೆ ಬೇಕಾದಷ್ಟು ಸದ್ದು ಸಿಗುವುದಿಲ್ಲ. ತಾಯ್ತಂದೆಯರಿಗೆ ಹೇಳುವುದೂ ಅಷ್ಟೇ ನೇರವಾಗಿ: ಬಲಗಿವಿ ಮುಗಿಯಿತು, ಎಡಗಿವಿಯ 500 ಹರ್ಟ್ಸ್ ಉಳಿದಿದೆ, ಅದಕ್ಕೆ ಇನ್ನೊಮ್ಮೆ ಬನ್ನಿ.