ಹಳೆಯ ಆಂಪ್ಲಿಫೈಯರ್‌ಗೆ ಮ್ಯೂಸಿಕ್ ಸ್ಟ್ರೀಮರ್ ಜೋಡಿಸುವುದು ಹೇಗೆ?

ಅಪ್ಪ 80ರ ದಶಕದಲ್ಲಿ ತಂದ ಸ್ಟೀರಿಯೊ ಆಂಪ್ಲಿಫೈಯರ್ ನಮ್ಮ ಮನೆಯ ಹಾಲ್‌ನಲ್ಲಿ ಹತ್ತು ವರ್ಷ ಬಟ್ಟೆ ಹೊದ್ದು ಕೂತಿತ್ತು. ಕ್ಯಾಸೆಟ್ ಡೆಕ್‌ನ ಬೆಲ್ಟ್ ಹೋಗಿತ್ತು. ಸಿಡಿ ಪ್ಲೇಯರ್ ಡಿಸ್ಕ್ ಓದುತ್ತಿರಲಿಲ್ಲ. ಮನೆಯವರೆಲ್ಲ ಫೋನಿನ ಪುಟ್ಟ ಸ್ಪೀಕರ್‌ನಲ್ಲೇ ಹಾಡು ಕೇಳುವುದಕ್ಕೆ ಒಗ್ಗಿಹೋಗಿದ್ದೆವು. ಆದರೆ ಆಂಪ್ಲಿಫೈಯರ್ ಸರಿಯಾಗೇ ಇತ್ತು, ಸ್ಪೀಕರ್‌ಗಳೂ ಸರಿಯಾಗೇ ಇದ್ದವು. ಅವಕ್ಕೆ ಹಾಡು ಕೊಡುವ ಯಂತ್ರ ಇರಲಿಲ್ಲ, ಅಷ್ಟೇ.

ಆ ಕೆಲಸಕ್ಕೆ ಈಗ ನೆಟ್‌ವರ್ಕ್ ಸ್ಟ್ರೀಮರ್ ಇದೆ. ಅಂಗೈ ಅಗಲದ ಪೆಟ್ಟಿಗೆ. ಮನೆಯ ವೈ-ಫೈಗೆ ಸೇರಿಕೊಂಡು ಇಂಟರ್ನೆಟ್ ರೇಡಿಯೊವನ್ನೋ, ಹಾರ್ಡ್ ಡಿಸ್ಕ್‌ನಲ್ಲಿರುವ ನಿಮ್ಮದೇ ಹಾಡುಗಳನ್ನೋ ಆಂಪ್ಲಿಫೈಯರ್‌ಗೆ ಕೊಡುತ್ತದೆ. ಫೋನ್ ಬರೀ ರಿಮೋಟ್. ಬ್ಲೂಟೂತ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಬ್ಲೂಟೂತ್‌ನಲ್ಲಿ ಹಾಡು ಹೊರಡುವುದೇ ಫೋನಿನಿಂದ. ಕರೆ ಬಂದರೆ ಹಾಡು ನಿಲ್ಲುತ್ತದೆ. ಫೋನ್ ಹಿಡಿದು ಅಂಗಳಕ್ಕೆ ಹೋದರೆ ತುಂಡು ತುಂಡಾಗುತ್ತದೆ. ದನಿಯನ್ನೂ ಹಿಂಡಿ ಕಳಿಸುತ್ತದೆ. ಸ್ಟ್ರೀಮರ್‌ನಲ್ಲಿ ಇದ್ಯಾವುದೂ ಇಲ್ಲ. ಹಾಡು ಶುರು ಮಾಡಿ ಫೋನ್ ಸ್ವಿಚ್ ಆಫ್ ಮಾಡಿದರೂ ಅದು ಹಾಡುತ್ತಲೇ ಇರುತ್ತದೆ.

ರೆಡಿಮೇಡ್ ಸ್ಟ್ರೀಮರ್‌ಗಳು ಬೇಕಾದಷ್ಟಿವೆ. ನಾನು ಇಲ್ಲಿ ಹೇಳುವುದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನಿಂದ ಮನೆಯಲ್ಲೇ ಕಟ್ಟುವ ಬಗೆ. ರೆಡಿಮೇಡ್ ಕೊಂಡವರು ಕಟ್ಟುವ ಭಾಗ ಬಿಟ್ಟು ಉಳಿದದ್ದನ್ನು ಓದಿಕೊಳ್ಳಬಹುದು. ವೈರು, ಗುಂಯ್ ಸದ್ದು, ಹಾಡುಗಳ ಹೆಸರು ಇವೆಲ್ಲ ಇಬ್ಬರಿಗೂ ಒಂದೇ.

ಮೊದಲು ಆಂಪ್ಲಿಫೈಯರ್‌ನ ಬೆನ್ನು ನೋಡಿ

ಏನನ್ನೂ ಕೊಳ್ಳುವ ಮೊದಲು ಆಂಪ್ಲಿಫೈಯರ್ ಆಫ್ ಮಾಡಿ, ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಹಿಂಭಾಗ ನೋಡಿ. ಕೆಂಪು–ಬಿಳಿ ಬಣ್ಣದ ಆರ್‌ಸಿಎ ಸಾಕೆಟ್‌ಗಳಿದ್ದರೆ ಕೆಲಸ ಸುಲಭ. ಆಕ್ಸ್, ಸಿಡಿ, ಟ್ಯೂನರ್, ಟೇಪ್ ಇನ್ – ಇವುಗಳಲ್ಲಿ ಯಾವುದಕ್ಕಾದರೂ ಸ್ಟ್ರೀಮರ್ ಸೇರಿಸಬಹುದು. ಫೋನೊ ಅಂತ ಬರೆದಿರುವುದಕ್ಕೆ ಮಾತ್ರ ಯಾವತ್ತೂ ಸೇರಿಸಬೇಡಿ. ಅದು ಗ್ರಾಮಫೋನ್ ಮುಳ್ಳಿನ ಬಡಕಲು ಸಿಗ್ನಲ್‌ಗೆ ಮಾಡಿದ ದಾರಿ. ಬಂದದ್ದನ್ನು ಸುಮಾರು ನೂರು ಪಟ್ಟು ಹಿಗ್ಗಿಸುತ್ತದೆ, ಬಾಸ್ ಅನ್ನು ಇನ್ನೂ ಜಾಸ್ತಿ ಎತ್ತುತ್ತದೆ. ಸ್ಟ್ರೀಮರ್‌ನ ಗಟ್ಟಿ ಸಿಗ್ನಲ್ ಅಲ್ಲಿಗೆ ಹೋದರೆ ದನಿ ಒಡೆಯುತ್ತದೆ, ಸ್ಪೀಕರ್‌ಗೂ ಪೆಟ್ಟು.

ನಮ್ಮ ಆಂಪ್ಲಿಫೈಯರ್‌ನಲ್ಲಿ ಆರ್‌ಸಿಎ ಇರಲೇ ಇಲ್ಲ. ಐದು ತೂತಿನ ದುಂಡನೆಯ ಸಾಕೆಟ್ ಇತ್ತು. ಅದಕ್ಕೆ ಡಿನ್ ಸಾಕೆಟ್ ಅನ್ನುತ್ತಾರೆ. ಆ ಕಾಲದ ಬಹಳ ಸೆಟ್‌ಗಳಲ್ಲಿ ಇದೇ ಇದೆ. ಡಿನ್‌ನಿಂದ ಎರಡು ಆರ್‌ಸಿಎಗೆ ಹೋಗುವ ವೈರು ತಂದು ಸಿಕ್ಕಿಸಿದೆ. ಸದ್ದೇ ಇಲ್ಲ. ಒಂದು ಸಂಜೆಯೆಲ್ಲ ಪೈ ಕೆಟ್ಟಿದೆ ಅಂತಲೇ ತಿಳಿದು ಒದ್ದಾಡಿದೆ. ತಪ್ಪು ಇದ್ದದ್ದು ವೈರಿನ ಆಯ್ಕೆಯಲ್ಲಿ. ಟೇಪ್ ಅಂತ ಬರೆದ ಡಿನ್ ಸಾಕೆಟ್‌ನಲ್ಲಿ 1 ಮತ್ತು 4ನೇ ಪಿನ್ ರೆಕಾರ್ಡಿಂಗ್‌ಗೆ, ಅಂದರೆ ಆಂಪ್ಲಿಫೈಯರ್‌ನಿಂದ ಹೊರಗೆ. 3 ಮತ್ತು 5ನೇ ಪಿನ್ ಪ್ಲೇಬ್ಯಾಕ್‌ಗೆ, ಅಂದರೆ ಒಳಗೆ. 2ನೆಯದು ಅರ್ತ್. ನಾನು ತಂದ ವೈರು 1 ಮತ್ತು 4ಕ್ಕೆ ಜೋಡಿಸಿದ್ದಾಗಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾಲ್ಕು ಆರ್‌ಸಿಎ ಇರುವ ಡಿನ್ ವೈರು ಸಿಕ್ಕಿತು. ಅದರಲ್ಲಿ ಒಂದು ಜೋಡಿ ಒಳಗೆ, ಇನ್ನೊಂದು ಜೋಡಿ ಹೊರಗೆ. ಬಣ್ಣ ನಂಬಬೇಡಿ, ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ. ವಾಲ್ಯೂಮ್ ಪೂರ್ತಿ ಇಳಿಸಿಟ್ಟು ಒಂದೊಂದೇ ಜೋಡಿ ಪರೀಕ್ಷೆ ಮಾಡಿ.

ಹಾಗೆಯೇ ಸ್ಪೀಕರ್‌ನ ಮುಂದಿನ ಬಟ್ಟೆ ತೆಗೆದು ಕೋನ್ ಸುತ್ತಲಿನ ಫೋಮ್ ಮುಟ್ಟಿ ನೋಡಿ. ಪುಡಿ ಉದುರಿದರೆ ಮೊದಲು ಅದನ್ನು ಬದಲಾಯಿಸಿ.

ಸಾಮಾನು

ರಾಸ್ಪ್‌ಬೆರಿ ಪೈ 4 ಸಾಕು, 2 ಜಿಬಿ ಮೆಮೊರಿ ಧಾರಾಳ. ಹಳೆಯ ಪೈ 3 ಮನೆಯಲ್ಲಿದ್ದರೆ ಅದೂ ಆಗುತ್ತದೆ. ಪೈ ಮೇಲೆ ಕೂರಿಸುವ ಡ್ಯಾಕ್ ಬೋರ್ಡ್ ಒಂದು ಬೇಕು. ಅಂಕಿಗಳ ರೂಪದಲ್ಲಿರುವ ಹಾಡನ್ನು ಆಂಪ್ಲಿಫೈಯರ್‌ಗೆ ಅರ್ಥವಾಗುವ ವಿದ್ಯುತ್ತಿನ ಅಲೆಯಾಗಿ ಮಾಡುವುದು ಅದೇ. ಪೈ 4ರಲ್ಲೇ ಹೆಡ್‌ಫೋನ್ ಜಾಕ್ ಇದೆಯಲ್ಲ ಅಂದರೆ, ಅದರ ದನಿ ಹೈ-ಫೈಗೆ ತಕ್ಕದ್ದಲ್ಲ. ಪೈ 5ರಲ್ಲಂತೂ ಆ ಜಾಕ್ ತೆಗೆದೇ ಹಾಕಿದ್ದಾರೆ. ಹೈಫೈಬೆರಿ ಕಂಪನಿಯ ಬೋರ್ಡ್‌ಗಳಿವೆ, ರಾಸ್ಪ್‌ಬೆರಿ ಪೈ ಕಂಪನಿಯದೇ ಡ್ಯಾಕ್ ಬೋರ್ಡ್‌ಗಳೂ ಇವೆ. ಆರ್‌ಸಿಎ ಸಾಕೆಟ್ ಇರುವುದನ್ನು ಆರಿಸಿ. ಇನ್ನು 16 ಜಿಬಿಯ ಒಳ್ಳೆಯ ಮೈಕ್ರೊ ಎಸ್‌ಡಿ ಕಾರ್ಡ್, ಬೋರ್ಡ್ ಸಮೇತ ಹಿಡಿಯುವ ಡಬ್ಬಿ, ಆರ್‌ಸಿಎ ವೈರು. ಅಡಾಪ್ಟರ್ 5.1 ವೋಲ್ಟ್, 3 ಆಂಪಿಯರ್‌ನದೇ ಇರಲಿ. ಸುಮ್ನೆ ಮನೆಯಲ್ಲಿರುವ ಫೋನ್ ಚಾರ್ಜರ್ ಸಿಕ್ಕಿಸಿದರೆ ಮಧ್ಯೆ ಮಧ್ಯೆ ತಾನೇ ರೀಸ್ಟಾರ್ಟ್ ಆಗಬಹುದು.

ಕಟ್ಟುವುದು

ಪೈಗೆ ಕರೆಂಟ್ ಕೊಡುವ ಮುಂಚೆಯೇ ಡ್ಯಾಕ್ ಬೋರ್ಡ್ ಕೂರಿಸಬೇಕು. ಪೈ ಮೇಲೆ ಎರಡು ಸಾಲಲ್ಲಿ 40 ಪಿನ್‌ಗಳಿವೆ. ಬೋರ್ಡಿನ ತೂತುಗಳನ್ನು ಅವುಗಳ ನೇರಕ್ಕೆ ಹಿಡಿದು, ಎರಡೂ ಕಡೆ ಸಮನಾಗಿ ಒತ್ತಿ. ಒಂದು ಪಿನ್ ಪಕ್ಕಕ್ಕೆ ಸರಿದು ಕೂತರೂ ಬೋರ್ಡ್ ಸುಡಬಹುದು. ಹಾಗಾಗಿ ಕಣ್ಣಿನ ಮಟ್ಟಕ್ಕೆ ಎತ್ತಿ ಎರಡೂ ತುದಿ ನೋಡಿದ ಮೇಲೆಯೇ ಸ್ಕ್ರೂ ಹಾಕಿ.

ಈಗ ಎಸ್‌ಡಿ ಕಾರ್ಡನ್ನು ಕಂಪ್ಯೂಟರ್‌ಗೆ ಸಿಕ್ಕಿಸಿ, ಅದಕ್ಕೆ ಬೇಕಾದದ್ದನ್ನು ಬರೆಯುವ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಅದರ ಮೀಡಿಯಾ ಪ್ಲೇಯರ್ ವಿಭಾಗದಲ್ಲಿ, ಪೈಯನ್ನು ಸ್ಟ್ರೀಮರ್ ಆಗಿಸುವ ಮೂಡ್, ವೊಲ್ಯುಮಿಯೊ ಮುಂತಾದ ತಂತ್ರಾಂಶಗಳ ಹೆಸರು ಕಾಣುತ್ತವೆ. ನಾನು ಬಳಸುವುದು ಮೂಡ್. ಪೂರ್ತಿ ಉಚಿತ, ಯಾವ ಖಾತೆಯನ್ನೂ ತೆರೆಯಬೇಕಿಲ್ಲ. ಕಾರ್ಡಿಗೆ ಬರೆಯುವ ಮುಂಚೆ ಸೆಟ್ಟಿಂಗ್ಸ್ ಕೇಳುತ್ತದೆ. ಅಲ್ಲಿ ಯೂಸರ್ ಹೆಸರು, ಪಾಸ್‌ವರ್ಡ್, ಮನೆಯ ವೈ-ಫೈ ಹೆಸರು ಮತ್ತು ಅದರ ಪಾಸ್‌ವರ್ಡ್ ತುಂಬಿ. ದೊಡ್ಡಕ್ಷರ–ಸಣ್ಣಕ್ಷರ ಸರಿಯಾಗಿರಲಿ. ಬರೆದಾದ ಮೇಲೆ ಕಾರ್ಡನ್ನು ಪೈಗೆ ಹಾಕಿ, ಆರ್‌ಸಿಎ ವೈರು ಆಂಪ್ಲಿಫೈಯರ್‌ಗೆ ಸೇರಿಸಿ. ಮೊದಲು ಪೈ ಆನ್ ಮಾಡಿ, ಎರಡು ನಿಮಿಷ ಬಿಟ್ಟು ಆಂಪ್ಲಿಫೈಯರ್. ಆಫ್ ಮಾಡುವಾಗ ಇದರ ಉಲ್ಟಾ. ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ಧಡ್ ಅಂತ ಸದ್ದು ಬರಬಹುದು.

ಫೋನಿನ ಬ್ರೌಸರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಮೂಡ್, ಚುಕ್ಕಿ, ಲೋಕಲ್ ಅಂತ ಟೈಪ್ ಮಾಡಿ. ಮೂಡ್ ಎನ್ನುವುದರಲ್ಲಿ ಎರಡು ಓ, ಕೊನೆಗೆ ಒಂದು ಇ ಇದೆ. ಇಮೇಜರ್‌ನಲ್ಲಿ ಪೈಗೆ ಬೇರೆ ಹೆಸರು ಇಟ್ಟಿದ್ದರೆ ಚುಕ್ಕಿಯ ಹಿಂದೆ ಆ ಹೆಸರು. ಪುಟ ತೆರೆಯದಿದ್ದರೆ ಗಾಬರಿ ಬೇಡ. ರೂಟರ್‌ನ ಪುಟಕ್ಕೆ ಹೋಗಿ, ಸೇರಿಕೊಂಡಿರುವ ಸಾಧನಗಳ ಪಟ್ಟಿಯಲ್ಲಿ ಪೈಯ ವಿಳಾಸ ಹುಡುಕಿ. 192.168.1.40 ಥರದ ಸಂಖ್ಯೆ ಇರುತ್ತದೆ. ಅದನ್ನೇ ಟೈಪ್ ಮಾಡಿ. ಅಲ್ಲೇ ಆ ವಿಳಾಸವನ್ನು ಪೈಗೆ ಕಾಯಂ ಮಾಡಿಬಿಟ್ಟರೆ ಮುಂದೆ ಹುಡುಕಾಟ ಇಲ್ಲ. ಫೋನ್ ಗೆಸ್ಟ್ ವೈ-ಫೈನಲ್ಲಿದ್ದರೆ ಪೈ ಕಾಣುವುದಿಲ್ಲ. ಎರಡೂ ಒಂದೇ ನೆಟ್‌ವರ್ಕ್‌ನಲ್ಲಿ ಇರಬೇಕು.

ಕಾನ್ಫಿಗರ್ ಮೆನುವಿನಲ್ಲಿ ಆಡಿಯೊ ಭಾಗ ತೆರೆದು, ಡ್ಯಾಕ್ ಬೋರ್ಡ್‌ಗಳ ಪಟ್ಟಿಯಿಂದ ನಿಮ್ಮ ಬೋರ್ಡಿನ ಹೆಸರು ಆರಿಸಿ, ರೀಸ್ಟಾರ್ಟ್ ಮಾಡಿ. ಇಷ್ಟಾದರೆ ಹಾಡುತ್ತದೆ. ಮೂಡ್‌ನಲ್ಲಿ ಮೊದಲೇ ರೇಡಿಯೊ ಸ್ಟೇಷನ್‌ಗಳಿವೆ, ಒಂದನ್ನು ಒತ್ತಿ, ಆಂಪ್ಲಿಫೈಯರ್ ವಾಲ್ಯೂಮ್ ಮೆಲ್ಲಗೆ ಏರಿಸಿ.

ಹಳೆಯ ಆಂಪ್ಲಿಫೈಯರ್ ಇರುವವರಿಗೆ ಒಂದು ಮಾತು. ಇಂಥ ಬೋರ್ಡ್‌ಗಳು ಸಾಮಾನ್ಯವಾಗಿ 2 ವೋಲ್ಟ್‌ವರೆಗೆ ಸಿಗ್ನಲ್ ಕೊಡುತ್ತವೆ. ಡಿನ್ ಕಾಲದ ಯಂತ್ರಗಳಿಗೆ ಅದು ಜಾಸ್ತಿ. ವಾಲ್ಯೂಮ್ ಗುಂಡಿ ಸ್ವಲ್ಪ ತಿರುಗಿಸಿದರೆ ಮನೆಯೆಲ್ಲ ಮೊಳಗುತ್ತದೆ. ಆಗ ಮೂಡ್‌ನಲ್ಲೇ ವಾಲ್ಯೂಮ್ 12 ಡೆಸಿಬೆಲ್ ಇಳಿಸಿ ಅಲ್ಲೇ ಬಿಟ್ಟುಬಿಡಿ. 2 ವೋಲ್ಟ್ ಅರ್ಧ ವೋಲ್ಟಿಗೆ ಇಳಿಯುತ್ತದೆ, ಗುಂಡಿಗೆ ತಿರುಗಲು ಜಾಗ ಸಿಗುತ್ತದೆ. ಈಕ್ವಲೈಜರ್, ಅಪ್‌ಸ್ಯಾಂಪ್ಲಿಂಗ್ ಮುಂತಾದವನ್ನು ಸದ್ಯಕ್ಕೆ ಮುಟ್ಟಲೇಬೇಡಿ.

ಗುಂಯ್ ಅಂದರೆ

ಹಾಡಿನ ಹಿಂದೆ ಗುಂಯ್ ಅನ್ನುವ ಸದ್ದು ಇದ್ದರೆ ಸಾಮಾನ್ಯವಾಗಿ ಅದು ಅರ್ತಿಂಗ್ ತಕರಾರು. ನಮ್ಮಲ್ಲಿ ಟಿವಿಯ ವೈರೂ ಅದೇ ಆಂಪ್ಲಿಫೈಯರ್‌ಗೆ ಬರುತ್ತಿತ್ತು. ಸೆಟ್ ಟಾಪ್ ಬಾಕ್ಸ್‌ನ ಕೇಬಲ್ ಕಿತ್ತ ಕೂಡಲೇ ಸದ್ದು ನಿಂತಿತು. ಹೀಗೆ ಒಂದೊಂದೇ ವೈರು ಕಿತ್ತು ನೋಡಿ, ಯಾವುದು ಅಂತ ಗೊತ್ತಾಗುತ್ತದೆ. ಎಲ್ಲ ಪ್ಲಗ್‌ಗಳನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಮೂರು ಪಿನ್ನಿನ ಪ್ಲಗ್‌ನಿಂದ ಅರ್ತ್ ಪಿನ್ ತೆಗೆಯುವ ಉಪಾಯ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದು ಪ್ರಾಣದ ಪ್ರಶ್ನೆ.

ಕರೆಂಟ್ ಹೋಗುವ ಊರಿನವರು ರೂಟರ್‌ಗೆ ಮತ್ತು ಪೈಗೆ ಪುಟ್ಟ ಯುಪಿಎಸ್ ಇಟ್ಟುಕೊಳ್ಳುವುದು ಒಳ್ಳೆಯದು. ಪೈ ಏನನ್ನೋ ಬರೆಯುತ್ತಿರುವಾಗ ಕರೆಂಟ್ ಹೋದರೆ ಎಸ್‌ಡಿ ಕಾರ್ಡ್ ಕೆಡಬಹುದು. ನಾವೇ ಆಫ್ ಮಾಡುವಾಗಲೂ ಸ್ವಿಚ್ ಒತ್ತುವ ಮೊದಲು ಮೆನುವಿನಿಂದ ಶಟ್‌ಡೌನ್ ಕೊಡಬೇಕು.

ಹಾಡು ತುಂಬುವುದು, ಹೆಸರು ಇಡುವುದು

ಇಲ್ಲಿವರೆಗಿನದು ಒಂದು ಸಂಜೆಯ ಕೆಲಸ. ನನ್ನ ಮಟ್ಟಿಗೆ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ, ಇದಕ್ಕೆ ಕೊಟ್ಟ ಸಮಯ ಒಂದಿಷ್ಟೂ ದಂಡವಾಗಿಲ್ಲ.

ಮನೆಯಲ್ಲಿರುವ ಸಿಡಿಗಳನ್ನು ಫ್ಲ್ಯಾಕ್ ಫೈಲ್‌ಗಳಾಗಿ ಮಾಡಿಕೊಳ್ಳಿ. ಫ್ಲ್ಯಾಕ್ ಗಾತ್ರವನ್ನು ಕುಗ್ಗಿಸುತ್ತದೆ, ಆದರೆ ಎಂಪಿ3 ಥರ ದನಿಯಲ್ಲಿ ಏನನ್ನೂ ಬಿಸಾಡುವುದಿಲ್ಲ. ಒಂದು ಗಂಟೆಯ ಸಿಡಿ ಸುಮಾರು 635 ಎಂಬಿ ಇದ್ದರೆ ಫ್ಲ್ಯಾಕ್‌ನಲ್ಲಿ 300ರಿಂದ 400 ಎಂಬಿ ಆಗುತ್ತದೆ. 1 ಟಿಬಿಯ ಡಿಸ್ಕ್‌ನಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಸಿಡಿ ಹಿಡಿಸುತ್ತವೆ. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ಉಚಿತ ತಂತ್ರಾಂಶ ಬಳಸಿ. ಗೀರು ಬಿದ್ದ ಜಾಗವನ್ನು ಅದು ಮತ್ತೆ ಮತ್ತೆ ಓದುತ್ತದೆ. ನೀವು ತೆಗೆದ ಪ್ರತಿ ಬೇರೆಯವರು ಅದೇ ಸಿಡಿಯಿಂದ ತೆಗೆದದ್ದಕ್ಕೆ ಹೊಂದುತ್ತದೆಯೇ ಅಂತಲೂ ತಾಳೆ ನೋಡುತ್ತದೆ. ಫೈಲ್‌ಗಳನ್ನು ಯುಎಸ್‌ಬಿ ಡಿಸ್ಕ್‌ಗೆ ಹಾಕಿ ಪೈಗೆ ಸಿಕ್ಕಿಸಿ, ಲೈಬ್ರರಿ ಅಪ್‌ಡೇಟ್ ಒತ್ತಿದರೆ ಆಯಿತು.

ತೊಂದರೆ ಬರುವುದು ಹೆಸರುಗಳಲ್ಲಿ. ಪ್ರತಿ ಫೈಲ್‌ನೊಳಗೆ ಟ್ಯಾಗ್ ಎಂಬ ಪುಟ್ಟ ಚೀಟಿ ಇರುತ್ತದೆ – ಹಾಡಿನ ಹೆಸರು, ಹಾಡಿದವರು, ಆಲ್ಬಂ. ನಮ್ಮ ಸಂಗೀತದ ಸಿಡಿಗಳಿಗೆ ಇಂಟರ್ನೆಟ್‌ನಿಂದ ತಾನಾಗಿ ಬರುವ ಟ್ಯಾಗ್‌ಗಳು ಬಹಳ ಸಲ ತಪ್ಪಿರುತ್ತವೆ. ಒಂದರಲ್ಲಿ ಭೀಮಸೇನ ಜೋಶಿ, ಇನ್ನೊಂದರಲ್ಲಿ ಭೀಮಸೇನ್ ಜೋಷಿ, ಮತ್ತೊಂದರಲ್ಲಿ ಮುಂದೆ ಪಂಡಿತ್ ಸೇರಿಸಿ. ಯಂತ್ರಕ್ಕೆ ಇವರು ಮೂವರು ಬೇರೆ ಬೇರೆ ಗಾಯಕರು. ಎಂಪಿ3ಟ್ಯಾಗ್ ಎಂಬ ತಂತ್ರಾಂಶದಲ್ಲಿ ಫೈಲ್‌ಗಳನ್ನು ತೆರೆದು, ಒಂದೇ ಕಾಗುಣಿತ ಹಿಡಿದು ಎಲ್ಲ ಕಡೆ ಅದನ್ನೇ ಬರೆಯಿರಿ. ಕನ್ನಡ ಅಕ್ಷರಗಳಲ್ಲೇ ಬರೆಯಬಹುದು, ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ.

ಭಾವಗೀತೆಗೆ ಬಂದರೆ ಕವಿ ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಹಾಡಿದವರು ಮತ್ತೊಬ್ಬರು. ಮೂವರೂ ಮುಖ್ಯ ಅಲ್ವಾ? ಹಾಡಿದವರನ್ನು ಆರ್ಟಿಸ್ಟ್ ಜಾಗದಲ್ಲಿ, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಅಂಥವರನ್ನು ಕಂಪೋಸರ್ ಜಾಗದಲ್ಲಿ ಬರೆಯುತ್ತೇನೆ. ಕವಿಯ ಹೆಸರನ್ನು ಹಾಡಿನ ಹೆಸರಿನ ಕೊನೆಗೆ ಒಂದು ಗೆರೆ ಎಳೆದು ಸೇರಿಸುತ್ತೇನೆ. ಈಗ ಬೇಂದ್ರೆ ಅಂತ ಹುಡುಕಿದರೆ ಬೇರೆ ಬೇರೆಯವರು ಹಾಡಿದ ಬೇಂದ್ರೆ ಹಾಡುಗಳೆಲ್ಲ ಒಟ್ಟಿಗೆ ಬರುತ್ತವೆ. ದಾಸರ ಪದಕ್ಕೆ ಕಂಪೋಸರ್ ಜಾಗದಲ್ಲಿ ಪುರಂದರದಾಸರು, ಕನಕದಾಸರು. ಹಿಂದೂಸ್ತಾನಿಗೆ ಹಾಡಿನ ಹೆಸರಲ್ಲಿ ರಾಗವನ್ನು ಮೊದಲು ಇಡಿ, ಆಮೇಲೆ ವಿಲಂಬಿತ್ (ಮೊದಲು ಹಾಡುವ ನಿಧಾನದ ಭಾಗ) ಅಥವಾ ದ್ರುತ್ (ಅದರ ನಂತರದ ವೇಗದ ಭಾಗ). ಟ್ರ್ಯಾಕ್ ಸಂಖ್ಯೆ ತಪ್ಪಬಾರದು. ತಪ್ಪಿದರೆ ದ್ರುತ್ ಮೊದಲು ಬಂದು ಕೂರುತ್ತದೆ.

ರೆಡಿಮೇಡ್ ಸ್ಟ್ರೀಮರ್ ಕೊಳ್ಳುವವರು ಅಂಗಡಿಯಲ್ಲೇ ಒಂದನ್ನು ಕೇಳಿ ನೋಡಬೇಕು. ವಿಲಂಬಿತ್ ಮುಗಿದು ದ್ರುತ್ ಶುರುವಾಗುವ ಜಾಗದಲ್ಲಿ ಸಿಡಿಗಳಲ್ಲಿ ಟ್ರ್ಯಾಕ್ ಬದಲಾಗುತ್ತದೆ, ಆದರೆ ತಂಬೂರಿ ನಿಲ್ಲುವುದಿಲ್ಲ. ಕೆಲವು ಪೆಟ್ಟಿಗೆಗಳು ಅಲ್ಲಿ ಅರ್ಧ ಸೆಕೆಂಡ್ ಮೌನವಾಗುತ್ತವೆ. ತಬಲಾ ಸಮಕ್ಕೆ ಬರುವ ಹೊತ್ತಿಗೆ ಹಾಗೆ ಕತ್ತರಿಸಿದರೆ ಮನಸ್ಸಿಗೆ ಆಗುವ ಕಿರಿಕಿರಿ ಅಷ್ಟಿಷ್ಟಲ್ಲ. ಗ್ಯಾಪ್‌ಲೆಸ್ ಪ್ಲೇಬ್ಯಾಕ್ ಇದೆಯಾ ಅಂತ ಕೇಳಿ, ಇಂಥದೇ ಒಂದು ಆಲ್ಬಂ ಹಾಕಿಸಿ ಕೇಳಿ. ಮೂಡ್‌ನಲ್ಲಿ ಫ್ಲ್ಯಾಕ್ ಫೈಲ್‌ಗಳಿಗೆ ಈ ತೊಂದರೆ ಇಲ್ಲ.

ಡಿಸ್ಕ್‌ನ ಇನ್ನೊಂದು ಪ್ರತಿ ಮಾಡಿ ಬೀರುವಿನಲ್ಲಿಡಿ. ಟ್ಯಾಗ್ ಬರೆದ ಅಷ್ಟೂ ಸಂಜೆಗಳು ಆ ಡಿಸ್ಕ್‌ನಲ್ಲಿವೆ.

ರೇಡಿಯೊ ಪ್ರಿಯರಿಗೆ ಆಕಾಶವಾಣಿಯ ‘ರಾಗಂ’ ಇದೆ. 2016ರ ಜನವರಿ 26ರಂದು ಬೆಂಗಳೂರಿನಿಂದ ಶುರುವಾದ, ದಿನದ 24 ಗಂಟೆಯೂ ಶಾಸ್ತ್ರೀಯ ಸಂಗೀತ ಕೇಳಿಸುವ ಚಾನೆಲ್. ಅದರ ಸ್ಟ್ರೀಮ್ ವಿಳಾಸ ಸಿಕ್ಕರೆ ಮೂಡ್‌ನ ರೇಡಿಯೊ ಪಟ್ಟಿಗೆ ನೀವೇ ಸೇರಿಸಬಹುದು. ಇಲ್ಲದಿದ್ದರೆ ಆಕಾಶವಾಣಿಯ ಆ್ಯಪ್‌ನಲ್ಲಿ ಹಾಕಿ, ಐಫೋನ್ ಇದ್ದವರು ಏರ್‌ಪ್ಲೇ ಮೂಲಕ ಪೈಗೆ ಕಳಿಸಬಹುದು.

ಕೊನೆಗೆ ಮನೆಯ ಉಳಿದವರ ಫೋನಿನಲ್ಲೂ ಮೂಡ್‌ನ ಪುಟ ತೆರೆದು, ಹೋಮ್ ಸ್ಕ್ರೀನ್‌ಗೆ ಅದರ ಐಕಾನ್ ಹಾಕಿಕೊಡಿ. ಆಂಪ್ಲಿಫೈಯರ್‌ನ ಗುಂಡಿ ಯಾವ ಕಡೆಗೆ ತಿರುಗಿಸಿದರೆ ಸ್ಟ್ರೀಮರ್ ಅಂತ ಒಂದು ಚೀಟಿ ಬರೆದು ಪಕ್ಕದಲ್ಲಿ ಅಂಟಿಸಿ. ನಮ್ಮಲ್ಲಿ ಆ ಚೀಟಿ ಅಂಟಿಸಿದ ಮರುದಿನ ಬೆಳಿಗ್ಗೆ ಆರಕ್ಕೆ, ಯಾರನ್ನೂ ಕೇಳದೆ, ಅಮ್ಮ ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿಕೊಂಡು ಕಾಫಿಗೆ ನೀರಿಟ್ಟಿದ್ದರು.