ನೆಟ್ ಇಲ್ಲದ ತರಗತಿಗೆ ಡಿಜಿಟಲ್ ಪಾಠ: ಕಲಬುರಗಿ, ಬೀದರ್, ಯಾದಗಿರಿಯ ಶಿಕ್ಷಕರಿಗೆ

ಪಾಠದ ಹೊತ್ತಿನಲ್ಲಿ ನೆಟ್ ಬೇಕೇ ಬೇಕು ಎನ್ನುವಂಥ ಪಾಠವನ್ನು ಹಮ್ಮಿಕೊಳ್ಳಬೇಡಿ. ಚಿಂಚೋಳಿ, ಔರಾದ, ಸುರಪುರದ ಕಡೆಯ ಒಳಹಳ್ಳಿಗಳಲ್ಲಿ ಶಾಲೆಯ ಅಂಗಳದಲ್ಲಿ ಸಿಗುವ ಸಿಗ್ನಲ್ ಎಷ್ಟೋ ಸಲ ಕೋಣೆಯೊಳಗೆ ಸಿಗುವುದಿಲ್ಲ. ದಪ್ಪ ಕಲ್ಲಿನ ಗೋಡೆಯೂ ತಗಡಿನ ಚಾವಣಿಯೂ ಅದನ್ನು ತಡೆಯುತ್ತವೆ. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಹತ್ತು ನಿಮಿಷ ಚಕ್ರ ತಿರುಗುತ್ತಾ ಕುಳಿತರೆ ಆಮೇಲೆ ಮಕ್ಕಳ ಗಮನ ಕೂಡಿಸುವುದೇ ಒಂದು ಕೆಲಸ. ನೆಟ್ಟಿನ ಕೆಲಸವೆಲ್ಲ ಹಿಂದಿನ ದಿನವೇ ಮುಗಿದಿರಲಿ. ತರಗತಿಗೆ ಪೆನ್‌ಡ್ರೈವ್ ಮತ್ತು ಲ್ಯಾಪ್‌ಟಾಪ್ ಬಂದರೆ ಸಾಕು.

ಟಿವಿ, ಪ್ರೊಜೆಕ್ಟರ್ ಮತ್ತು ಹಿಂದಿನ ಬೆಂಚು

ಪರದೆಯ ಎತ್ತರದ ಆರು ಪಟ್ಟು ದೂರದವರೆಗೆ ಕುಳಿತವರಿಗೆ ಮಾತ್ರ ಅಕ್ಷರ ಸರಿಯಾಗಿ ಕಾಣುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. 43 ಇಂಚಿನ ಟಿವಿಯ ಪರದೆ ಎತ್ತರ ಸುಮಾರು 53 ಸೆಂ.ಮೀ. ಅಂದರೆ ಮೂರು ಮೀಟರ್ ಆಚೆ ಕುಳಿತ ಮಗು ಚಿತ್ರ ನೋಡುತ್ತದೆ, ಅಕ್ಷರ ಓದುವುದಿಲ್ಲ. 55 ಇಂಚಿನದಾದರೆ ನಾಲ್ಕು ಮೀಟರ್. ಗೋಡೆಯ ಮೇಲೆ ಆರು ಅಡಿ ಅಗಲದ ಚಿತ್ರ ಬಿಡುವ ಪ್ರೊಜೆಕ್ಟರ್ ಆದರೆ ಹಿಂದಿನ ಬೆಂಚಿಗೂ ಸಾಲುತ್ತದೆ, ಆದರೆ ಕೋಣೆ ಕತ್ತಲಾಗಬೇಕು. ನಮ್ಮ ಬಿಸಿಲಿಗೆ ಕಿಟಕಿಯ ತೆಳು ಪರದೆ ಏನೇನೂ ಸಾಲದು. ಕಿಟಕಿಗೆ ದಪ್ಪ ಕಪ್ಪು ಬಟ್ಟೆಯೇ ಬೇಕು.

ಟಿವಿ ಇರುವ ಶಾಲೆಯಲ್ಲಿ ಬೆಂಚು ಬಿಡಿಸಿ ಮಕ್ಕಳನ್ನು ಮುಂದೆ ಜಮಖಾನೆಯ ಮೇಲೆ ಕೂರಿಸಿ. ಅರವತ್ತು ಮಕ್ಕಳಿದ್ದರೆ ಎರಡು ತಂಡ ಮಾಡಿ: ಒಂದು ತಂಡ ನೋಡುವಾಗ ಇನ್ನೊಂದು ಲೆಕ್ಕ ಬಿಡಿಸಲಿ. ಸಾಮಾನ್ಯವಾಗಿ ಗಂಡುಮಕ್ಕಳು ಮುಂದಿನ ಜಾಗ ಹಿಡಿದುಬಿಡುತ್ತಾರೆ, ಹೆಣ್ಣುಮಕ್ಕಳು ಗೋಡೆ ಬದಿಗೆ ಸರಿಯುತ್ತಾರೆ. ಯಾರು ಎಲ್ಲಿ ಎಂಬುದನ್ನು ನೀವೇ ಹೇಳಿ, ವಾರಕ್ಕೊಮ್ಮೆ ಬದಲಿಸಿ. ಬಿಸಿಯೂಟದ ನಂತರದ ಪಿರಿಯಡ್‌ಗೆ ವಿಡಿಯೊ ಇಡಬೇಡಿ. ತುಂಬಿದ ಹೊಟ್ಟೆ, ಕತ್ತಲ ಕೋಣೆ, ಅರ್ಧ ತರಗತಿ ನಿದ್ದೆಗೆ ಜಾರುತ್ತದೆ.

ಕರೆಂಟಿನ ಲೆಕ್ಕ

150 ಎಎಚ್ (ಆಂಪಿಯರ್-ಅವರ್) ಅಳತೆಯ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇರುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದು ಬೇಗ ಸಾಯುತ್ತದೆ, ಇನ್ವರ್ಟರ್ ಕೂಡ ಒಂದಿಷ್ಟು ನುಂಗುತ್ತದೆ. ಕೈಗೆ ಸಿಗುವುದು ಸುಮಾರು 700. ಟಿವಿ 80 ವ್ಯಾಟ್, ಲ್ಯಾಪ್‌ಟಾಪ್ 50 ಎಂದರೆ ಐದು ಗಂಟೆ ಓಡುತ್ತದೆ. ಲ್ಯಾಂಪ್ ಪ್ರೊಜೆಕ್ಟರ್ 300 ವ್ಯಾಟ್ ಎಳೆಯುವುದರಿಂದ ಎರಡು ಗಂಟೆ ಮಾತ್ರ. ಅದೇ ಲೈನಿಗೆ ಎರಡು ಸೀಲಿಂಗ್ ಫ್ಯಾನ್ ಸೇರಿಸಿದ್ದರೆ ಇನ್ನೂ 150 ವ್ಯಾಟ್ ಹೋಯಿತು. ಟಿವಿ ಐದು ಗಂಟೆ ಓಡಬೇಕಾದದ್ದು ಎರಡೂವರೆ ಗಂಟೆಯಲ್ಲೇ ನಿಲ್ಲುತ್ತದೆ. ಲ್ಯಾಪ್‌ಟಾಪನ್ನು ಬೆಳಿಗ್ಗೆಯೇ ಪೂರ್ತಿ ಚಾರ್ಜ್ ಮಾಡಿ, ಕರೆಂಟ್ ಹೋದಾಗ ಅದರದೇ ಬ್ಯಾಟರಿಯ ಮೇಲೆ ನಡೆಸಿ.

ಲ್ಯಾಂಪ್ ಪ್ರೊಜೆಕ್ಟರ್ ಇದ್ದರೆ ಯುಪಿಎಸ್ ಇಲ್ಲದೆ ಹಚ್ಚಬೇಡಿ. ಕರೆಂಟ್ ಫಕ್ಕನೆ ಹೋದರೆ ಒಳಗಿನ ಫ್ಯಾನ್ ನಿಲ್ಲುತ್ತದೆ, ಲ್ಯಾಂಪಿನ ಶಾಖ ಒಳಗೇ ಉಳಿಯುತ್ತದೆ. ಲ್ಯಾಂಪ್ ಅವಧಿಗೆ ಮೊದಲೇ ಸುಟ್ಟುಹೋಗಲು ಇದು ದೊಡ್ಡ ಕಾರಣ. ಸರಿಯಾಗಿ ಆರಿಸಿ ತಣ್ಣಗಾಗಲು ಐದು ನಿಮಿಷ ಸಿಕ್ಕರೂ ಸಾಕು. ಎರೆಮಣ್ಣಿನ ಧೂಳು, ಸೇಡಂ-ಚಿತ್ತಾಪುರ ಕಡೆ ಸಿಮೆಂಟು ಮತ್ತು ಕಲ್ಲಿನ ಗಣಿಯ ಧೂಳು ಫಿಲ್ಟರ್‌ನಲ್ಲಿ ಕೂಡುತ್ತದೆ. ಹದಿನೈದು ದಿನಕ್ಕೊಮ್ಮೆ ತೆಗೆದು ಮೃದುವಾದ ಬ್ರಷ್‌ನಿಂದ ಒರೆಸಿ. ಗುಡುಗು ಕೇಳಿಸಿದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಏನನ್ನು, ಹೇಗೆ ಇಳಿಸಿಕೊಳ್ಳಬೇಕು

ಪಠ್ಯಪುಸ್ತಕದ ಪಾಠಗಳಿರುವ ಸರಕಾರದ ದೀಕ್ಷಾ ಆ್ಯಪ್ 2017ರಿಂದ ಇದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಮಸುಕಾಗಿದ್ದರೆ ಅದರ ಕೆಳಗಿರುವ ಆರು ಅಕ್ಷರಗಳ ಕೋಡನ್ನು ಹುಡುಕಾಟದಲ್ಲಿ ಟೈಪ್ ಮಾಡಿದರೂ ಪಾಠ ಬರುತ್ತದೆ. ಡೌನ್‌ಲೋಡ್ ಮಾಡಿದ್ದು ಆ್ಯಪಿನೊಳಗೇ ಉಳಿಯುತ್ತದೆ, ವಿಡಿಯೊ ಫೈಲಾಗಿ ಪೆನ್‌ಡ್ರೈವ್‌ಗೆ ಹೋಗುವುದಿಲ್ಲ. ಯೂಟ್ಯೂಬ್ ಆ್ಯಪಿನ ಡೌನ್‌ಲೋಡ್ ಕೂಡ ಹಾಗೆಯೇ. ಇವನ್ನು ತೋರಿಸಲು ಫೋನನ್ನೇ ಟಿವಿಗೆ ಜೋಡಿಸಬೇಕು.

ಇಲ್ಲಿಯೇ ಬಹಳ ಜನ ದುಡ್ಡು ಕಳೆದುಕೊಳ್ಳುವುದು. ಟೈಪ್-ಸಿಯಿಂದ ಎಚ್‌ಡಿಎಂಐಗೆ ಹೋಗುವ ಕೇಬಲ್ ಎಲ್ಲ ಫೋನಿಗೂ ಕೆಲಸ ಮಾಡುವುದಿಲ್ಲ. ಫೋನಿನ ಪೋರ್ಟ್ ಡಿಸ್‌ಪ್ಲೇ ಔಟ್‌ಪುಟ್ ಕೊಡುವಂಥದಾಗಿರಬೇಕು. ಕಡಿಮೆ ಬೆಲೆಯ ಹೆಚ್ಚಿನ ಫೋನುಗಳಲ್ಲಿ ಅದಿಲ್ಲ. ಅಂಗಡಿಯಲ್ಲಿ ನಿಮ್ಮ ಫೋನಿಗೆ ಹಚ್ಚಿ ನೋಡಿಯೇ ಕೊಳ್ಳಿ. ಟಿವಿಯಲ್ಲಿ ಮಿರಾಕಾಸ್ಟ್ (ಫೋನಿನ ಪರದೆಯನ್ನು ತಂತಿಯಿಲ್ಲದೆ ಟಿವಿಯಲ್ಲಿ ತೋರಿಸುವ ಸೌಲಭ್ಯ) ಇದ್ದು ಫೋನಿನಲ್ಲೂ ಅದಿದ್ದರೆ ಕೇಬಲ್ ಬೇಡ, ನೆಟ್ಟೂ ಬೇಡ, ಎರಡೂ ವೈಫೈ ಮೂಲಕ ನೇರವಾಗಿ ಮಾತಾಡಿಕೊಳ್ಳುತ್ತವೆ. ಆಗ ಏರೋಪ್ಲೇನ್ ಮೋಡ್ ಹಾಕಿ ವೈಫೈ ಒಂದನ್ನೇ ತೆರೆಯಿರಿ. ನಿಮ್ಮ ಮನೆಯ ವಾಟ್ಸಾಪ್ ಸಂದೇಶ ಏಳನೇ ತರಗತಿಯ ಮುಂದೆ ಮೂಡಬಾರದು.

ವಿಜ್ಞಾನ, ಗಣಿತಕ್ಕೆ ನಮ್ಮ ಮೊದಲ ಆಯ್ಕೆ ವಿಡಿಯೊ ಅಲ್ಲ, ಫೆಟ್ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ನಾವೇ ಬದಲಿಸಿ ನೋಡಬಹುದಾದ ಪ್ರಯೋಗ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರುಮಾಡಿದ ಈ ಯೋಜನೆಯ ಎಷ್ಟೋ ಸಿಮ್ಯುಲೇಶನ್‌ಗಳು ಕನ್ನಡದಲ್ಲಿಯೂ ಪುಕ್ಕಟೆ ಸಿಗುತ್ತವೆ. ಒಂದೊಂದೂ ಕೆಲವೇ ಎಂಬಿಯ ಒಂದು ಫೈಲ್. ಕನ್ನಡದ ಪುಟದಿಂದ ಇಳಿಸಿ ಲ್ಯಾಪ್‌ಟಾಪಿನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್‌ನಲ್ಲಿ ನೆಟ್ ಇಲ್ಲದೆಯೇ ತೆರೆಯುತ್ತದೆ.

ಪೆನ್‌ಡ್ರೈವ್ ಟಿವಿಗೆ ಕಾಣದಿದ್ದರೆ

ಮೂರರಲ್ಲಿ ಒಂದು ಕಾರಣ ಇರುತ್ತದೆ. ಮೊದಲನೆಯದು, ಪೆನ್‌ಡ್ರೈವ್‌ನ ಫಾರ್ಮ್ಯಾಟ್ (ಫೈಲ್ ಜೋಡಿಸಿಡುವ ಬಗೆ) ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಆಗಿದ್ದರೆ ಹಳೆಯ ಟಿವಿಗಳು ಓದುವುದಿಲ್ಲ. 32 ಜಿಬಿಯ ಒಂದನ್ನು ಪಾಠಕ್ಕೆಂದೇ ಇಟ್ಟು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ, ಪಾಠಕ್ಕೆ ಅಷ್ಟು ದೊಡ್ಡದು ಬೇಕೂ ಇಲ್ಲ. ಎರಡನೆಯದು, ಫೈಲ್ ಕಾಣುತ್ತದೆ, ದನಿ ಬರುತ್ತದೆ, ಚಿತ್ರ ಬರುವುದಿಲ್ಲ: ವಿಡಿಯೊ ಎಚ್.265ರಲ್ಲಿದೆ, ಅಂದರೆ ಹಳೆಯ ಟಿವಿ ಬಿಡಿಸಲಾರದ ಹೊಸ ಬಗೆಯಲ್ಲಿ ಕುಗ್ಗಿಸಿದ್ದು. ಹ್ಯಾಂಡ್‌ಬ್ರೇಕ್ ಎಂಬ ಪುಕ್ಕಟೆ ತಂತ್ರಾಂಶದಲ್ಲಿ ‘ಫಾಸ್ಟ್ 720ಪಿ30’ ಆಯ್ದು ಎಚ್.264ರ ಎಂಪಿ4 ಮಾಡಿಕೊಳ್ಳಿ. ಮೂರನೆಯದು ಹೆಸರು. ಕೆಲವು ಟಿವಿಗಳಲ್ಲಿ ಕನ್ನಡ ಹೆಸರು ಬರೀ ಚೌಕಗಳಾಗಿ ಕಾಣುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ, ಮುಂದೆ 01, 02 ಎಂದು ಎರಡಂಕಿ ಹಾಕಿ. ಬರೀ 1, 2 ಹಾಕಿದರೆ ಎಷ್ಟೋ ಟಿವಿಗಳು ಹತ್ತನೆಯದನ್ನು ಎರಡನೆಯದಕ್ಕಿಂತ ಮೊದಲು ತೋರಿಸುತ್ತವೆ.

ಈ ಪೆನ್‌ಡ್ರೈವನ್ನು ಜೆರಾಕ್ಸ್ ಅಂಗಡಿಯ ಕಂಪ್ಯೂಟರ್‌ಗೆ ಎಂದೂ ಹಚ್ಚಬೇಡಿ. ಎಲ್ಲ ಫೋಲ್ಡರ್ ಶಾರ್ಟ್‌ಕಟ್ ಆಗಿ ಮಾರ್ಪಡುವ ವೈರಸ್ ಬಹುಪಾಲು ಅಲ್ಲಿಂದಲೇ ಬರುತ್ತದೆ. ಪ್ರಿಂಟ್ ಬೇಕಾದ್ದನ್ನು ಫೋನಿನಿಂದ ಪಿಡಿಎಫ್ ಆಗಿ ಕಳಿಸಿ. ಪಿಡಿಎಫ್ ಎನ್ನಲು ಇನ್ನೊಂದು ಕಾರಣವಿದೆ: ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗುತ್ತದೆ. ಹೊಸದೆಲ್ಲವನ್ನೂ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯದನ್ನು ಪರಿವರ್ತಕದಲ್ಲಿ ಹಾಕಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಓದಿ.

ತರಗತಿಯೊಳಗೆ: ದನಿ ಆರಿಸಿ, ನೀವು ಮಾತಾಡಿ

ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಮನೆಮಾತು ಲಂಬಾಣಿ, ತೆಲುಗು, ಉರ್ದು ಅಥವಾ ಮರಾಠಿ. ಕನ್ನಡವೇ ಮನೆಮಾತಾದವರಿಗೂ ವಿಡಿಯೊದ ವೇಗದ ಗ್ರಂಥಭಾಷೆ ಕಿವಿಗೆ ಹತ್ತುವುದಿಲ್ಲ. ಚಿತ್ರ ಚೆನ್ನಾಗಿದ್ದು ಮಾತು ದೂರವಾಗಿದ್ದರೆ ಮ್ಯೂಟ್ ಮಾಡಿ ನೀವೇ ವಿವರಿಸಿ. ಹಿಂದಿನ ರಾತ್ರಿ ವಿಡಿಯೊವನ್ನು ಪೂರ್ತಿ ನೋಡಿ, ಎಲ್ಲಿ ನಿಲ್ಲಿಸಬೇಕು ಎಂದು ನಿಮಿಷ-ಸೆಕೆಂಡ್ ಸಮೇತ ಚೀಟಿಯಲ್ಲಿ ಬರೆದುಕೊಳ್ಳಿ. ಎರಡು-ಮೂರು ನಿಮಿಷಕ್ಕೊಮ್ಮೆ ತಡೆದು ‘ಮುಂದ ಏನಾಗ್ತದ ಹೇಳ್ರಿ’ ಎಂದು ಕೇಳದಿದ್ದರೆ ಅದು ಸಿನಿಮಾ ನೋಡಿದಂತೆಯೇ ಸರಿ.

ಹತ್ತನೇ ತರಗತಿಯ ವಿದ್ಯುತ್ ಪಾಠವನ್ನೇ ತೆಗೆದುಕೊಳ್ಳಿ. ಫೆಟ್‌ನ ಡಿಸಿ ಮಂಡಲದ ಕಿಟ್ ತೆರೆದು 9 ವೋಲ್ಟಿನ ಒಂದು ಬ್ಯಾಟರಿ, 10 ಓಂ ರೋಧದ ಒಂದು ಬಲ್ಬು ಜೋಡಿಸಿ. ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಈಗ ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸುವ ಮೊದಲು ಪರದೆಗೆ ಬೆನ್ನು ಮಾಡಿ ನಿಂತು ಕೇಳಿ: ಅಮ್ಮೀಟರಿನ ಅಂಕಿ ಹೆಚ್ಚಾಗುತ್ತದೋ, ಕಡಿಮೆಯಾಗುತ್ತದೋ, ಹಾಗೇ ಇರುತ್ತದೋ? ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಕೈ ಎತ್ತಿಸಿದರೆ ಜಾಣ ಹುಡುಗನನ್ನು ನೋಡಿ ಉಳಿದವರೂ ಎತ್ತುತ್ತಾರೆ. ಆಮೇಲೆ ಜೋಡಿಸಿ: 0.45. ಸಮಾಂತರದಲ್ಲಿ ಜೋಡಿಸುವ ಮುನ್ನ ಮತ್ತೆ ಬರೆಸಿ. ಬ್ಯಾಟರಿಯ ಪಕ್ಕದ ಅಮ್ಮೀಟರ್ 1.80ಕ್ಕೆ ಏರಿದಾಗ ತಪ್ಪು ಬರೆದ ಮಗುವೇ ‘ಯಾಕ್ರಿ ಸರ್’ ಎನ್ನುತ್ತದೆ. ಓಮನ ನಿಯಮವನ್ನು ಬೋರ್ಡಿನ ಮೇಲೆ ಬರೆಯಬೇಕಾದ ಗಳಿಗೆ ಅದೇ. ಅದಕ್ಕೂ ಮೊದಲು ಬರೆದರೆ ಮಕ್ಕಳು ಸೂತ್ರಕ್ಕೆ ಅಂಕಿ ಹಾಕುತ್ತಾರೆ, ಯೋಚಿಸುವುದಿಲ್ಲ. ಅದೇ ವಾರ ಟಾರ್ಚಿನ ಸೆಲ್ಲು, ಸಣ್ಣ ಬಲ್ಬು ತಂದು ಕೈಯಾರೆ ಮಾಡಿಸಿ. ನಿಜವಾದ ಬಲ್ಬಿನಲ್ಲಿ ಲೆಕ್ಕ ಅಷ್ಟು ಸರಿಯಾಗಿ ಬರುವುದಿಲ್ಲ. ಬಿಸಿಯಾದಂತೆ ತಂತಿಯ ರೋಧ ಹೆಚ್ಚುತ್ತದೆ. ಆ ವ್ಯತ್ಯಾಸವನ್ನು ಮುಚ್ಚಿಡದೆ ಚರ್ಚೆಗೆ ತನ್ನಿ.

ಸೂರ್ಯ ನೆತ್ತಿಯ ಮೇಲೆ ಬರುವ ದಿನ

ನಮ್ಮ ಮೂರೂ ಜಿಲ್ಲೆಗಳು ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿವೆ, ಹಾಗಾಗಿ ವರ್ಷಕ್ಕೆ ಎರಡು ಸಲ ನಡುಹಗಲಿಗೆ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ. ಮೇ ತಿಂಗಳಿನದು ಬೇಸಿಗೆ ರಜೆಗೆ ಹೋಗುತ್ತದೆ. ಎರಡನೆಯದು ಶಾಲೆ ನಡೆಯುವಾಗ ಬರುತ್ತದೆ: ಬೀದರ್‌ಗೆ ಆಗಸ್ಟ್ 1–2, ಕಲಬುರಗಿಗೆ 3–4, ಯಾದಗಿರಿಗೆ 5–6ರ ಸುಮಾರಿಗೆ. ಹೊತ್ತು 12 ಗಂಟೆ 26ರಿಂದ 29 ನಿಮಿಷದೊಳಗೆ. ನೇರವಾಗಿ ನಿಲ್ಲಿಸಿದ ಸ್ಟೀಲ್ ಲೋಟದ ನೆರಳು ಅದರ ಬುಡದಲ್ಲೇ ಅಡಗುತ್ತದೆ.

ಆಕಾಶವನ್ನು ಪರದೆಯ ಮೇಲೆ ತೋರಿಸುವ ಸ್ಟೆಲೇರಿಯಂ ಎಂಬ ಪುಕ್ಕಟೆ ತಂತ್ರಾಂಶ ಲ್ಯಾಪ್‌ಟಾಪಿನಲ್ಲಿ ನೆಟ್ ಇಲ್ಲದೆ ನಡೆಯುತ್ತದೆ. ಎಫ್6 ಒತ್ತಿ ಊರಿನ ಅಕ್ಷಾಂಶ, ರೇಖಾಂಶ ಕೊಡಿ (ಕಲಬುರಗಿ 17.33 ಉತ್ತರ, 76.83 ಪೂರ್ವ), ಎಫ್5 ಒತ್ತಿ ದಿನಾಂಕ, ವೇಳೆ ಬದಲಿಸಿ, ಸೂರ್ಯನ ಮೇಲೆ ಕ್ಲಿಕ್ ಮಾಡಿದರೆ ಎತ್ತರದ ಕೋನ ಬರುತ್ತದೆ. ಆಗಸ್ಟ್ ಎಂದರೆ ಮೋಡ. ಹೊರಗೆ ಕಾಣದಿದ್ದರೆ ಅಂದು ಪರದೆಯಲ್ಲೇ ನೋಡಿ. ಬಿಸಿಲಿದ್ದರೆ ಮೊದಲು ಲೋಟ, ಆಮೇಲೆ ಪರದೆ. ಮಕ್ಕಳು ಡಿಸೆಂಬರ್ ದಿನಾಂಕ ಹಾಕಿ ಅದೇ ಹೊತ್ತಿನ ಕೋನ ಎಷ್ಟಕ್ಕೆ ಇಳಿಯಿತು ಎಂದು ಹುಡುಕಲಿ. ಋತುಮಾನದ ಪಾಠ ಅಲ್ಲಿಂದ ಶುರು ಮಾಡಿ.

ಗುಳೆ ಹೋದ ಮನೆಗಳ ಮಕ್ಕಳಿಗೆ

ಹಂಗಾಮು ಮುಗಿದ ಮೇಲೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳ ಕೈಗೆ ಸಿಗುವುದು ಅಪ್ಪನ ಫೋನ್, ಅದೂ ರಾತ್ರಿ. ಅವರಿಗೆ ವಿಡಿಯೊ ಕಳಿಸಿದರೆ ಡೇಟಾ ಮುಗಿಯುತ್ತದೆ, ತೆರೆದೂ ನೋಡುವುದಿಲ್ಲ. ವಾಟ್ಸಾಪ್ ವಾಯ್ಸ್ ನೋಟ್ ಸಾಕು. ಐದು ನಿಮಿಷದ್ದು ಸುಮಾರು ಒಂದು ಎಂಬಿಯೊಳಗೆ ಬರುತ್ತದೆ. ಖಾಲಿ ಕೋಣೆಯಲ್ಲಿ ದನಿ ಗುಂಯ್‌ಗುಡುವುದರಿಂದ ಬಟ್ಟೆ, ಹಾಸಿಗೆ ಇರುವ ಕೋಣೆಯಲ್ಲಿ ಕುಳಿತು, ಫೋನನ್ನು ಬಾಯಿಯಿಂದ ಒಂದು ಗೇಣು ದೂರ ಹಿಡಿದು ಮಾತಾಡಿ. ಮಗುವಿನ ಹೆಸರು ಹಿಡಿದು ಶುರುಮಾಡಿ, ಪುಟದ ಸಂಖ್ಯೆ ಹೇಳಿ, ಒಂದೇ ವಿಷಯ ಹೇಳಿ, ಒಂದೇ ಪ್ರಶ್ನೆ ಕೇಳಿ. ಉತ್ತರವೂ ವಾಯ್ಸ್ ನೋಟ್‌ನಲ್ಲೇ ಬರಲಿ. ಬರೆದು ಫೋಟೊ ಕಳಿಸು ಎಂದರೆ ಅರ್ಧ ಜನ ಬಿಟ್ಟುಬಿಡುತ್ತಾರೆ.

ಪೋಷಕರ ನಂಬರುಗಳನ್ನು ದೊಡ್ಡ ಗುಂಪಿಗೆ ಸೇರಿಸಬೇಡಿ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ನಿಮ್ಮ ನಂಬರನ್ನು ಅವರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಬ್ರಾಡ್‌ಕಾಸ್ಟ್ ತಲುಪುತ್ತದೆ. ಕುಟುಂಬ ಊರು ಬಿಡುವ ಮುನ್ನ ಅಪ್ಪನ ಫೋನನ್ನು ನೀವೇ ಕೈಗೆ ತೆಗೆದುಕೊಂಡು ನಂಬರ್ ಸೇವ್ ಮಾಡಿ, ಒಂದು ವಾಯ್ಸ್ ನೋಟ್ ಕಳಿಸಿ, ಮಗು ಅದನ್ನು ತೆರೆದು ಕೇಳಿ ಮರಳಿ ಉತ್ತರಿಸುವುದನ್ನು ನಿಮ್ಮೆದುರಿಗೇ ಮಾಡಿಸಿ. ಜೊತೆಗೆ ಆ ಮಗುವಿನ ಪಠ್ಯಪುಸ್ತಕ ಗಂಟಿನಲ್ಲಿ ಸೇರಿದೆಯೇ ಎಂದೂ ನೋಡಿ.