ಊಸರವಳ್ಳಿ ಮರಿ ಚಾಕಿ ಹುಳು ಮುಟ್ಟದಿದ್ದರೆ

ಶಿಡ್ಲಘಟ್ಟದ ಸುತ್ತ ಚಾಕಿ ಹುಳುವಿಗೇನೂ, ಅಂದರೆ ಎಳೆಯ ರೇಷ್ಮೆಹುಳುವಿಗೇನೂ ಬರವಿಲ್ಲ. ಆದರೂ ಮೊಟ್ಟೆಯೊಡೆದ ವೇಲ್ಡ್ ಕಮೇಲಿಯನ್ (ಸಾಕುವ ವಿದೇಶಿ ಊಸರವಳ್ಳಿ) ಮರಿಗಳು ಅದರತ್ತ ತಿರುಗಿಯೂ ನೋಡಲಿಲ್ಲ. ಅಡ್ಡಿ ರುಚಿಯದಲ್ಲ, ಚಲನೆಯದು. ಅಲುಗಾಡಿದ್ದಕ್ಕೆ ಮಾತ್ರ ಮರಿ ನಾಲಗೆ ಚಾಚುತ್ತದೆ. ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ಹುಳು ತಲೆಯೆತ್ತಿಕೊಂಡು ಹಾಗೇ ಇರುತ್ತದೆ.

ಹಾರಲಾರದ ಹಣ್ಣುನೊಣದಿಂದ ಶುರು ಮಾಡಿದ ಮೇಲೆ ಸರಿಹೋಯಿತು. ನೊಣ ಬೆಳೆಸುವ ಬಾಟಲಿಗೆ ಮಾಗಿದ ಬಾಳೆಹಣ್ಣು 1, ಓಟ್ಸ್ ಪುಡಿ 2 ಚಮಚ, ವಿನೆಗರ್ 1 ಚಮಚ, ಚಿಟಿಕೆ ಈಸ್ಟ್. ಮೇಲೆ ಮುದುರಿದ ಕಾಗದ, ಬಾಯಿಗೆ ಒತ್ತು ನೇಯ್ಗೆಯ ಬಟ್ಟೆ. ವಿನೆಗರ್ ಹಾಕದಿದ್ದರೆ ಬೂಸಲು ಗ್ಯಾರಂಟಿ. 25 ಡಿಗ್ರಿಯಲ್ಲಿ ಎರಡು ವಾರದೊಳಗೆ ಹೊಸ ನೊಣ ಬರುತ್ತವೆ. ವಾರಕ್ಕೊಂದು ಬಾಟಲಿ ಹೂಡಿದರೆ ನಡುವೆ ಖಾಲಿಯಾಗದು. ನೊಣದಲ್ಲಿ ಕ್ಯಾಲ್ಸಿಯಂ ಕಡಿಮೆ, ವಿಟಮಿನ್ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಸವರಿಯೇ ಬಿಡಬೇಕು.

ಆಮೇಲೆ ಪಿನ್‌ಹೆಡ್ ಕ್ರಿಕೆಟ್, ಅಂದರೆ ಆಗತಾನೆ ಮೊಟ್ಟೆಯೊಡೆದ ಮಿಡತೆಯಂಥ ಚಿಮ್ಮುಂಡೆ ಹುಳು. ಅಳತೆ ಒಂದೇ: ಮರಿಯ ಎರಡು ಕಣ್ಣುಗಳ ನಡುವಿನ ಅಗಲ ಮೀರಬಾರದು. ಉಳಿದ ಕ್ರಿಕೆಟ್ ರಾತ್ರಿ ಒಳಗಿದ್ದರೆ ಮರಿಯನ್ನೇ ಕಚ್ಚುತ್ತವೆ, ತೆಗೆಯಿರಿ.

ಚಾಕಿ ಹುಳುವನ್ನು ಪೂರ್ತಿ ಬಿಡಬೇಕಿಲ್ಲ. ಜ್ವರದಿಂದ ಎದ್ದು ಸೊಪ್ಪು ಮೇಯುವಾಗ ಕಡ್ಡಿಯ ತುದಿಗೆ ಹಚ್ಚಿದರೆ ಮರಿಗಳು ತಿನ್ನುತ್ತವೆ. ಆದರೆ ಹಾಸಿಗೆಗೆ ಸೋಂಕುನಿವಾರಕ ಪುಡಿ ಉದುರಿಸಿದ ತಟ್ಟೆಯದ್ದು, ಔಷಧಿ ಹೊಡೆದ ತೋಟದ ಸೊಪ್ಪು ಮೇಯ್ದದ್ದು ಬೇಡವೇ ಬೇಡ.

ಅಂದಹಾಗೆ, ನಮ್ಮ ಬೇಲಿಸಾಲಿನ ಊಸರವಳ್ಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಅದನ್ನು ಹಿಡಿದು ಸಾಕುವಂತಿಲ್ಲ.